ಉಸಿರಿನ ದಾರಿಯ ಕಾವಲುಗಾರರು

ಮೃಗಶಿರಾ ಮಳೆ ಹಿಡಿದು ಪಂಚಗಂಗೆಗೆ ಕೆಂಪು ನೀರು ಬಂತೆಂದರೆ ನಮ್ಮ ಭಾಗದಲ್ಲಿ ಸೀನು-ಕೆಮ್ಮಿನ ಹಂಗಾಮು ಶುರುವಾಯಿತೆಂದೇ ಲೆಕ್ಕ. ಶಾಲೆಯಿಂದ ಒಂದು ಮಗು ನೆಗಡಿ ತಂದರೆ ಎಂಟು ದಿನದೊಳಗೆ ಮನೆಯ ಹಿರಿಯರವರೆಗೆ ಎಲ್ಲರಿಗೂ ಅದರ ಪಾಲು ಹಂಚಿಕೆಯಾಗುತ್ತದೆ. ದೀಪಾವಳಿ ಕಳೆದು ಥಂಡಿ ಬಿದ್ದ ಮೇಲೆ ಎರಡನೆಯ ಹಂಗಾಮು. ಹಲವರು ಇದನ್ನು ‘ಬರೀ ನೆಗಡಿ’ ಎಂದು ಕಡೆಗಣಿಸುತ್ತಾರೆ. ಇನ್ನು ಕೆಲವರು ಮೊದಲ ಸೀನಿಗೇ ಔಷಧದ ಅಂಗಡಿಗೆ ಆಳನ್ನು ಓಡಿಸಿ ‘ಗಟ್ಟಿ ಗುಳಿಗೆ’ ತರಿಸುತ್ತಾರೆ. ಎರಡೂ ನಷ್ಟದ ವ್ಯವಹಾರವೇ. ಶರೀರವು ತನ್ನನ್ನು ತಾನು ಹೇಗೆ ಕಾಯ್ದುಕೊಳ್ಳುತ್ತದೆ ಎಂಬುದು ತಿಳಿದರೆ, ಯಾವಾಗ ಸುಮ್ಮನಿರಬೇಕು, ಯಾವಾಗ ಓಡಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ನಾವು ವೈದ್ಯರಲ್ಲ, ಮ್ಯಾಟ್ರಿಕ್ ಮುಗಿಸಿ ಗಾದಿಯ ಮೇಲೆ ಕುಳಿತವರು. ಆದರೆ ನಲವತ್ತು ವರ್ಷಕ್ಕೂ ಮಿಕ್ಕಿ ಗಡಹಿಂಗ್ಲಜದ ಪೇಟೆಯಲ್ಲಿ ಮೆಣಸಿನಕಾಯಿ ಚೀಲಗಳ ನಡುವೆ ಬಾಳಿದ್ದೇವೆ. ನಮ್ಮ ಬೀಗತನ ಇಚಲಕರಂಜಿಯ ಮಗ್ಗದವರೊಂದಿಗೆ, ಬೆಲ್ಲದ ಲೆಕ್ಕ ಕೊಲ್ಹಾಪುರದ ಅಡತಿಯವರೊಂದಿಗೆ. ಈ ಮೂರು ಊರುಗಳ ಮೂರು ವ್ಯಾಪಾರಗಳಿಗೆ ಒಂದು ಸಮಾನ ಗುಣವಿದೆ. ಮೆಣಸಿನಕಾಯಿಯ ಘಾಟು, ಹತ್ತಿಯ ಎಳೆ, ಬೆಲ್ಲದ ಗಾಣದ ಹೊಗೆ ಇವು ಮೂರೂ ಉಸಿರಿನೊಳಗೆ ಹೋಗುತ್ತವೆ. ಆದ್ದರಿಂದ ಈ ವಿಷಯವು ವೈದ್ಯರಿಗೆ ಮಾತ್ರ ಸೇರಿದ್ದಲ್ಲ, ನಮ್ಮಂಥ ವ್ಯಾಪಾರಸ್ಥರ ಮನೆಗಳಿಗೂ ಸೇರಿದ್ದು. ವೈದ್ಯ ಮಿತ್ರರಿಂದ ಕೇಳಿ, ಓದಿ ತಿಳಿದುದನ್ನು ಸಮಾಜ ಬಾಂಧವರ ಮುಂದೆ ಇಡುತ್ತಿದ್ದೇವೆ.

ಮೂಗೆಂಬ ಹೆಬ್ಬಾಗಿಲು

ವಯಸ್ಕ ಮನುಷ್ಯನು ದಿನಕ್ಕೆ 10,000 ಲೀಟರಿಗೂ ಹೆಚ್ಚು ಗಾಳಿಯನ್ನು ಒಳಗೆಳೆದುಕೊಳ್ಳುತ್ತಾನೆ. ಧಾನ್ಯವನ್ನು ಆರಿಸಿ ಅಡಿಗೆ ಮಾಡಬಹುದು, ನೀರನ್ನು ಬಟ್ಟೆಯಲ್ಲಿ ಸೋಸಿ, ಕಾಯಿಸಿ ಕುಡಿಯಬಹುದು. ಗಾಳಿಯನ್ನು ಹೀಗೆ ಆರಿಸಿ ಉಸಿರಾಡಲಾಗದು; ಎದುರಿಗಿದ್ದದ್ದೇ ಒಳಗೆ ಬರುತ್ತದೆ. ಆ ಸೋಸುವ ಕೆಲಸವನ್ನು ಶರೀರವು ಮೂಗಿಗೆ ವಹಿಸಿದೆ.

ಮೂಗಿನ ಬಾಯಲ್ಲಿರುವ ಕೂದಲು ದೊಡ್ಡ ಧೂಳನ್ನು ತಡೆಯುತ್ತದೆ. ಒಳಗೆ ಸುರುಳಿ ಸುರುಳಿಯಾದ ಗೋಡೆಗಳಿವೆ. ಗಾಳಿಯು ಅವುಗಳ ನಡುವೆ ತಿರುಗಿ ಬರುವಾಗ ಬೆಚ್ಚಗಾಗುತ್ತದೆ, ತೇವಗೊಳ್ಳುತ್ತದೆ, ಅದರಲ್ಲಿದ್ದ ಕಸವು ಅಂಟು ಸಿಂಬಳಕ್ಕೆ ಸಿಕ್ಕಿಕೊಳ್ಳುತ್ತದೆ. ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿಗೆ ಮೈಕ್ರಾನ್ ಎನ್ನುತ್ತಾರೆ. 10 ಮೈಕ್ರಾನಿಗಿಂತ ದೊಡ್ಡ ಕಣಗಳು ಬಹುಮಟ್ಟಿಗೆ ಮೂಗು-ಗಂಟಲಿನಲ್ಲೇ ನಿಲ್ಲುತ್ತವೆ. ಎರಡೂವರೆ ಮೈಕ್ರಾನಿಗಿಂತ ಚಿಕ್ಕವು ಮಾತ್ರ ಪುಪ್ಪುಸದ ತಳದವರೆಗೆ ಇಳಿಯಬಲ್ಲವು. ಹೊಗೆಯಲ್ಲಿ ಇಂಥ ನವಿರು ಕಣಗಳೇ ಹೆಚ್ಚು. ಬಾಯಿಯಿಂದ ಉಸಿರಾಡುವವನು ಹೆಬ್ಬಾಗಿಲನ್ನು ಬಿಟ್ಟು ಹಿತ್ತಲ ಬಾಗಿಲಿನಿಂದ ಮಾಲು ಇಳಿಸಿಕೊಂಡಂತೆ, ತಪಾಸಣೆ ಕಡಿಮೆ.

ಸಿಂಬಳವೆಂದರೆ ಅಸಹ್ಯಪಡುವವರೇ ಹೆಚ್ಚು. ಆದರೆ ಅದೊಂದು ಔಷಧ. 1921ರಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಎಂಬ ವೈದ್ಯರಿಗೆ ನೆಗಡಿಯಾಗಿತ್ತು. ಅವರು ತಮ್ಮದೇ ಸಿಂಬಳವನ್ನು ರೋಗಾಣು ಬೆಳೆಸುವ ತಟ್ಟೆಯ ಮೇಲೆ ಹಾಕಿ ನೋಡಿದರು. ಅದರ ಸುತ್ತಲಿದ್ದ ಒಂದು ಜಾತಿಯ ಅಣುಜೀವಿಗಳು ಕರಗಿಹೋದವು. ಕಣ್ಣೀರು, ಜೊಲ್ಲು, ಸಿಂಬಳಗಳಲ್ಲಿರುವ ಆ ಪದಾರ್ಥಕ್ಕೆ ಲೈಸೋಝೈಮ್ ಎಂದು ಹೆಸರಾಯಿತು. ಇದೇ ಫ್ಲೆಮಿಂಗರು 1928ರಲ್ಲಿ ಪೆನಿಸಿಲಿನ್ ಕಂಡುಹಿಡಿದರು. ಜಗತ್ತು ಪೆನಿಸಿಲಿನ್ನನ್ನು ನೆನಪಿಟ್ಟುಕೊಂಡಿತು, ಮೂಗಿನೊಳಗಿನ ಔಷಧವನ್ನು ಮರೆಯಿತು.

ಗಡಹಿಂಗ್ಲಜದ ಘಾಟು

ಸಂಕೇಶ್ವರಿ ಮೆಣಸಿನಕಾಯಿಯ ಸವಾಲು ನಡೆಯುವ ದಿನ ನಮ್ಮ ಪೇಟೆಗೆ ಬಂದವರಿಗೆ ಸೀನು-ಕೆಮ್ಮು ಯಾರೂ ಕಲಿಸಬೇಕಾಗಿಲ್ಲ. ಚೀಲ ಸುರುವಿದ ಕ್ಷಣದಲ್ಲೇ ಹೊಸಬರು ಕಣ್ಣೊರೆಸಿಕೊಳ್ಳುತ್ತ ರಸ್ತೆಗೆ ಓಡುತ್ತಾರೆ. ಇದು ರೋಗವಲ್ಲ, ಕಾವಲುಗಾರನ ಕೂಗು. ಮೂಗು-ಗಂಟಲಿನ ನರಗಳ ತುದಿಯಲ್ಲಿ ಸುಡುವ ಕಾವನ್ನು ಗುರುತಿಸುವ ಒಂದು ಬೀಗವಿದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಎಂಬ ಖಾರದ ಅಂಶವು ಅದೇ ಬೀಗವನ್ನು ತೆರೆಯುತ್ತದೆ. ಶರೀರವು ‘ಬೆಂಕಿ ಬಂತು’ ಎಂದು ತಿಳಿದು ನೀರು ಸುರಿಸುತ್ತದೆ, ಸೀನುತ್ತದೆ, ಕೆಮ್ಮುತ್ತದೆ. ಅಮೆರಿಕದ ಡೇವಿಡ್ ಜೂಲಿಯಸ್ ಮತ್ತು ಅವರ ಸಂಗಡಿಗರು 1997ರಲ್ಲಿ ಇದನ್ನು ಪತ್ತೆ ಮಾಡಿದರು. 2021ರ ವೈದ್ಯಕೀಯ ನೊಬೆಲ್ ಪಾರಿತೋಷಕದಲ್ಲಿ ಜೂಲಿಯಸ್ ಅವರಿಗೆ ಪಾಲು ದೊರೆಯಿತು. ನಮ್ಮ ಪೇಟೆಯ ಹಮಾಲರು ದಿನವೂ ಅನುಭವಿಸುವ ಸಂಗತಿಗೆ ಜಗತ್ತಿನ ದೊಡ್ಡ ಗೌರವ ಸಂದಿತು.

ಕೆಮ್ಮು ಎಂದರೆ ಏನು? ಶರೀರವು ಮೊದಲು ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ, ಗಂಟಲ ಬಾಗಿಲು ಮುಚ್ಚುತ್ತದೆ, ಎದೆ-ಹೊಟ್ಟೆಯ ಸ್ನಾಯುಗಳು ಹಿಂಡುತ್ತವೆ, ಬಾಗಿಲು ಥಟ್ಟನೆ ತೆರೆಯುತ್ತದೆ. ಆ ರಭಸಕ್ಕೆ ಕಫವೂ ಕಸವೂ ಹೊರಬೀಳುತ್ತವೆ. ಕಫ ಬರುತ್ತಿರುವ ಕೆಮ್ಮನ್ನು ಸಿರಪ್ ಕುಡಿಸಿ ಅಡಗಿಸುವುದೆಂದರೆ ಕೂಗುವ ಕಾವಲುಗಾರನ ಬಾಯಿಗೆ ಬಟ್ಟೆ ತುರುಕಿದಂತೆ. ಚಿಕ್ಕ ಮಕ್ಕಳ ವಿಷಯದಲ್ಲಂತೂ ಎಚ್ಚರ ಬೇಕು. 2025ರಲ್ಲಿ ಮಧ್ಯಪ್ರದೇಶದ ಛಿಂದವಾಡಾ ಜಿಲ್ಲೆಯಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು ಅನೇಕ ಕಂದಮ್ಮಗಳು ಪ್ರಾಣ ಬಿಟ್ಟವು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿಯ ಸಿರಪ್ ಕೊಡಬಾರದೆಂದು ಕೇಂದ್ರ ಸರಕಾರವೇ ಸೂಚನೆ ಹೊರಡಿಸಿತು.

ಪೇಟೆಯ ಹಳಬರು ‘ನಮಗೆ ಘಾಟು ರೂಢಿಯಾಗಿದೆ’ ಎನ್ನುತ್ತಾರೆ. ಘಾಟು ರೂಢಿಯಾಗಬಹುದು. ಧೂಳು ಯಾರ ಪುಪ್ಪುಸಕ್ಕೂ ರೂಢಿಯಾಗುವುದಿಲ್ಲ. ಕಾವಲುಗಾರನು ಕೂಗುವುದನ್ನು ನಿಲ್ಲಿಸಿದ ಮಾತ್ರಕ್ಕೆ ಕಳ್ಳರು ಬರುವುದನ್ನು ನಿಲ್ಲಿಸಿದ್ದಾರೆಂದು ಅರ್ಥವಲ್ಲ.

ಇಚಲಕರಂಜಿಯ ಎಳೆ

ಮೂಗನ್ನು ದಾಟಿ ಬಂದ ಸಣ್ಣ ಕಣಗಳಿಗೆ ಎರಡನೆಯ ಪಹರೆ ಶ್ವಾಸನಾಳದಲ್ಲಿದೆ. ನಾಳದ ಒಳಗೋಡೆಯ ಒಂದೊಂದು ಕೋಶದ ಮೇಲೆ ಸುಮಾರು 200 ಅತಿ ನವಿರಾದ ರೋಮಗಳಿವೆ. ಅವು ಸೆಕೆಂಡಿಗೆ ಹತ್ತು-ಹದಿನೈದು ಸಲ, ಗಾಳಿಗೆ ತೂಗುವ ಜೋಳದ ಹೊಲದಂತೆ, ಒಂದೇ ದಿಕ್ಕಿಗೆ ಬೀಸುತ್ತಿರುತ್ತವೆ. ಅವುಗಳ ಮೇಲೆ ಅಂಟು ಕಫದ ತೆಳು ಪದರವಿದೆ. ಕಸವೂ ರೋಗಾಣುವೂ ಆ ಪದರಕ್ಕೆ ಅಂಟಿಕೊಂಡು ಮೆಲ್ಲಮೆಲ್ಲನೆ ಗಂಟಲವರೆಗೆ ಸಾಗಿಬರುತ್ತವೆ; ನಮಗೆ ತಿಳಿಯದಂತೆಯೇ ನುಂಗಿಹೋಗಿ ಜಠರದ ಆಮ್ಲದಲ್ಲಿ ನಾಶವಾಗುತ್ತವೆ. ಹಗಲು-ರಾತ್ರಿ ಎರಡು ಪಾಳಿಯಲ್ಲೂ ನಿಲ್ಲದ ಮಗ್ಗವಿದು.

ಇಚಲಕರಂಜಿಯಲ್ಲಿ ವಿಠ್ಠಲರಾವ ದಾತಾರರು ಮೊದಲ ಪವರ್‌ಲೂಮ್ ಹಾಕಿದ್ದು 1904ರಲ್ಲಿ, ಜಹಗೀರದಾರ ನಾರಾಯಣರಾವ ಬಾಬಾಸಾಹೇಬ ಘೋರ್ಪಡೆಯವರ ಆಶ್ರಯದಲ್ಲಿ. ಅಂದಿನಿಂದ ಆ ಊರು ಬೆಳೆದದ್ದೇ ಮಗ್ಗದ ಸದ್ದಿನ ಮೇಲೆ. ಸಾವಿರಾರು ಮನೆಗಳು ಅದರಿಂದ ಉಣ್ಣುತ್ತವೆ, ನಮ್ಮ ಸಮಾಜದವೂ ಸಾಕಷ್ಟಿವೆ. ಆ ಶೆಡ್ಡುಗಳಲ್ಲಿ ಹಾರುವ ಹತ್ತಿಯ ಎಳೆ, ಸೈಜಿಂಗ್ ಗಂಜಿಯ ಪುಡಿ ಇವು ದಿನವೂ ಉಸಿರಿನೊಳಗೆ ಹೋದರೆ ರೋಮಗಳ ಈ ಮಗ್ಗವು ಸೋಲುತ್ತದೆ. ಸೆಣಬು, ನಾರು ಹಿಂಜುವವರ ಕೆಮ್ಮು-ದಮ್ಮಿನ ಬಗ್ಗೆ ಇಟಲಿಯ ವೈದ್ಯ ರಾಮಝ್ಝಿನಿ ಮುನ್ನೂರು ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾರೆ. ಹತ್ತಿಯ ಧೂಳಿನಿಂದ ಬರುವ ದಮ್ಮಿಗೆ ಬಿಸ್ಸಿನೋಸಿಸ್ ಎಂದು ಹೆಸರು. ಇದರ ಗುರುತು ವಿಚಿತ್ರ: ವಾರದ ರಜೆ ಮುಗಿಸಿ ಕೆಲಸಕ್ಕೆ ಬಂದ ಮೊದಲ ದಿನವೇ ಎದೆ ಬಿಗಿಯುತ್ತದೆ; ವಾರ ಸಾಗಿದಂತೆ ಕಡಿಮೆಯಾಗುತ್ತದೆ. ವರ್ಷಗಳು ಕಳೆದ ಮೇಲೆ ಬಿಗಿತವು ವಾರವಿಡೀ ಉಳಿಯತೊಡಗುತ್ತದೆ. ಹತ್ತಿ ಹಿಂಜುವ, ನೂಲುವ ಕಡೆ ಇದು ಹೆಚ್ಚು. ಮಗ್ಗದ ಶೆಡ್ಡಿನಲ್ಲಿ ಕಡಿಮೆ, ಆದರೆ ಇಲ್ಲವೆಂದಲ್ಲ. 1948ರ ಕಾರ್ಖಾನೆ ಕಾಯ್ದೆಯ ಪರಿಶಿಷ್ಟದಲ್ಲಿ ಇದನ್ನು ಸರಕಾರಕ್ಕೆ ವರದಿ ಮಾಡಬೇಕಾದ ರೋಗಗಳ ಸಾಲಿಗೆ ಸೇರಿಸಲಾಗಿತ್ತು.

ಬಿಸ್ಸಿನೋಸಿಸ್ ಸೋಂಕಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಆದರೆ ಧೂಳಿನಿಂದ ಬಳಲಿದ ಶ್ವಾಸನಾಳಕ್ಕೆ ಸೋಂಕು ಸುಲಭವಾಗಿ ಹೊಗುತ್ತದೆ. ಬೀಡಿ-ಸಿಗರೇಟಿನ ಹೊಗೆಯೂ ರೋಮಗಳ ಬೀಸನ್ನು ಕುಂದಿಸುತ್ತದೆ. ನಿಪ್ಪಾಣಿಯ ತಂಬಾಕು ನಮ್ಮ ಭಾಗಕ್ಕೆ ಹಣ ತಂದಿರಬಹುದು. ಅದನ್ನು ಸೇದಿದವರ ಎದೆಗೆ ಒಳಿತು ತಂದಿಲ್ಲ. ಬೆಲ್ಲದ ಗಾಣದ ಹೊಗೆ, ಹೊಲದಲ್ಲಿ ರವದಿ ಸುಡುವ ಹೊಗೆ, ಸ್ನಾನದ ನೀರು ಕಾಯಿಸುವ ಬಂಬದ ಹೊಗೆ, ಮುಚ್ಚಿದ ಕೋಣೆಯಲ್ಲಿ ರಾತ್ರಿಯಿಡೀ ಉರಿಯುವ ಸೊಳ್ಳೆಬತ್ತಿ ಇವೂ ಅದೇ ಸಾಲಿನವು. ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ಬೂಸಲು ಹಿಡಿದ ಕಬ್ಬಿನ ಸಿಪ್ಪೆಯ ಧೂಳಿನಿಂದಲೂ ಬೇರೊಂದು ಶ್ವಾಸರೋಗ ಬರುತ್ತದೆ, ಅದಕ್ಕೆ ಬಗ್ಯಾಸೋಸಿಸ್ ಎನ್ನುತ್ತಾರೆ.

ಒಳಮನೆಯ ಸಿಪಾಯಿಗಳು, ಹಳೆಯ ಖಾತೆಗಳು

ಶ್ವಾಸನಾಳವು ಕವಲೊಡೆಯುತ್ತ ಹೋಗಿ ಕೊನೆಗೆ ಸಾಬೂದಾಣೆಗಿಂತಲೂ ಎಷ್ಟೋ ಚಿಕ್ಕದಾದ ಗಾಳಿಚೀಲಗಳಲ್ಲಿ ಮುಗಿಯುತ್ತದೆ. ಎರಡೂ ಪುಪ್ಪುಸಗಳಲ್ಲಿ ಇಂಥವು 30ರಿಂದ 50 ಕೋಟಿಯಷ್ಟಿವೆ. ಇಲ್ಲಿ ರೋಮಗಳಿಲ್ಲ. ಇಲ್ಲಿ ಗಸ್ತು ತಿರುಗುವವು ‘ನುಂಗುಕೋಶ’ಗಳು. ರಷ್ಯಾದ ಮೆಚ್ನಿಕಾಫ್ ಎಂಬ ವಿಜ್ಞಾನಿ 1882ರಲ್ಲಿ ನಕ್ಷತ್ರಮೀನಿನ ಮರಿಯೊಳಗೆ ಇಂಥ ಕೋಶಗಳು ಹೊರಗಿನ ವಸ್ತುವನ್ನು ಮುತ್ತಿಕೊಳ್ಳುವುದನ್ನು ಕಂಡರು. 1908ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು.

ಇವುಗಳ ಹಿಂದೆ ಇನ್ನೊಂದು ವ್ಯವಸ್ಥೆಯಿದೆ, ಅದು ನಮ್ಮ ಖಾತೆ-ಕಿರ್ದಿಯಂಥದು. ಒಮ್ಮೆ ಬಂದ ರೋಗಾಣುವಿನ ಗುರುತನ್ನು ರಕ್ತದ ಕೆಲವು ಬಿಳಿಕೋಶಗಳು ಬರೆದಿಟ್ಟುಕೊಳ್ಳುತ್ತವೆ. ಅದೇ ರೋಗಾಣು ಮತ್ತೆ ಬಂದರೆ ಖಾತೆ ತೆಗೆದು ತಕ್ಷಣ ಪ್ರತಿಕಾಯಗಳನ್ನು ತಯಾರಿಸುತ್ತವೆ. ಲಸಿಕೆಯೆಂದರೆ ರೋಗ ಬರುವ ಮೊದಲೇ ಖಾತೆ ತೆರೆದಿಡುವುದು.

‘ಹಾಗಿದ್ದರೆ ನೆಗಡಿ ಮತ್ತೆ ಮತ್ತೆ ಏಕೆ ಬರುತ್ತದೆ?’ ಎಂದು ಕೇಳಬಹುದು. ನೆಗಡಿ ತರುವ ರೈನೋವೈರಸ್ಸಿನಲ್ಲೇ 150ಕ್ಕೂ ಹೆಚ್ಚು ಬಗೆಗಳಿವೆ. ಒಂದರ ಖಾತೆ ಇನ್ನೊಂದಕ್ಕೆ ಉಪಯೋಗವಿಲ್ಲ. ಹೀಗಾಗಿ ದೊಡ್ಡವರಿಗೆ ವರ್ಷಕ್ಕೆ ಎರಡು-ಮೂರು, ಚಿಕ್ಕ ಮಕ್ಕಳಿಗೆ ಆರೆಂಟು ನೆಗಡಿ ಸಹಜ. ಫ್ಲೂ ವೈರಸ್ ವರ್ಷವರ್ಷವೂ ಅಂಗಿ ಬದಲಿಸುತ್ತದೆ, ಅದಕ್ಕೇ ಅದರ ಲಸಿಕೆಯನ್ನು ಪ್ರತಿವರ್ಷ ಹಾಕಿಸಬೇಕಾಗುತ್ತದೆ. ಅರವತ್ತು ದಾಟಿದವರು, ಸಕ್ಕರೆ ಕಾಯಿಲೆ, ದಮ್ಮು, ಹೃದಯದ ತೊಂದರೆ ಇರುವವರು ಈ ಬಗ್ಗೆ ತಮ್ಮ ವೈದ್ಯರನ್ನು ಕೇಳಬೇಕು. ಗಾದಿಯ ಮೇಲೆ ಕುಳಿತು ದುಡಿಯುವ ನಮ್ಮ ಜನರಲ್ಲಿ ಸಕ್ಕರೆ ಕಾಯಿಲೆ ಹೆಚ್ಚಿದೆ. ಸಕ್ಕರೆ ಹತೋಟಿ ತಪ್ಪಿದರೆ ಈ ಸಿಪಾಯಿಗಳ ಬಲವೂ ತಗ್ಗುತ್ತದೆ.

ಕಾವಲು ಮುರಿದಾಗ

ಕಾವಲು ಮುರಿದರೆ ಏನಾಗುತ್ತದೆ ಎಂಬುದನ್ನು 1918ರ ಸಾಥಿ ತೋರಿಸಿತು. ಹಿರಿಯರು ಮರಾಠಿಯಲ್ಲಿ ‘ಮಾನಮೋಡಿ’ ಎಂದು ಕರೆದ ಆ ಇನ್‌ಫ್ಲುಯೆಂಝಾ ಭಾರತವೊಂದರಲ್ಲೇ ಕೋಟಿಗೂ ಮೀರಿ ಜನರನ್ನು ಬಲಿ ತೆಗೆದುಕೊಂಡಿತು; ಮುಂಬಯಿ ಇಲಾಖೆಗೆ ದೊಡ್ಡ ಪೆಟ್ಟು ಬಿತ್ತು. ಸತ್ತವರಲ್ಲಿ ಬಹುಮಂದಿ ವೈರಸ್ಸಿನ ಹಿಂದೆಯೇ ಬಂದ ಬ್ಯಾಕ್ಟೀರಿಯಾದ ನ್ಯುಮೋನಿಯಾದಿಂದ ಸತ್ತರೆಂದು ವಿಜ್ಞಾನಿಗಳು ನಂತರ ತೋರಿಸಿಕೊಟ್ಟಿದ್ದಾರೆ. ವೈರಸ್ಸು ಶ್ವಾಸನಾಳದ ರೋಮಗಳ ಪದರವನ್ನೇ ಕಿತ್ತುಹಾಕಿತು. ಕಾವಲಿಲ್ಲದ ಬಾಗಿಲಿನಿಂದ ಎರಡನೆಯ ಶತ್ರು ನುಗ್ಗಿತು. ನೆಗಡಿ-ಜ್ವರ ಇಳಿದು ಎರಡು ದಿನ ಹಗುರಾಗಿದ್ದು ಮತ್ತೆ ಜ್ವರ ಏರಿದರೆ ತಡಮಾಡಬಾರದೆಂದು ವೈದ್ಯರು ಹೇಳುವುದು ಈ ಕಾರಣಕ್ಕೆ.

2009ರ ಆಗಸ್ಟ್‌ನಲ್ಲಿ ಹಂದಿಜ್ವರದಿಂದ ದೇಶದ ಮೊದಲ ಸಾವು ಪುಣೆಯಲ್ಲಾಯಿತು. ಆಮೇಲೆ 2020ರಲ್ಲಿ ಕೊರೋನಾ ಬಂತು. 2021ರ ಜೂನ್-ಜುಲೈನಲ್ಲಿ ರಾಜ್ಯದ ಬಹಳಷ್ಟು ಕಡೆ ಸೋಂಕು ಇಳಿದರೂ ಕೊಲ್ಹಾಪುರ ಜಿಲ್ಲೆಯಲ್ಲಿ ಬೇಗನೆ ಇಳಿಯಲಿಲ್ಲ; ಅಂಗಡಿಗಳ ಬಾಗಿಲು ಬೇರೆಡೆಗಿಂತ ಹೆಚ್ಚು ದಿನ ಮುಚ್ಚಿದ್ದವು. ಆ ದಿನಗಳ ವ್ಯಾಪಾರದ ನಷ್ಟವನ್ನು ಎಲ್ಲರೂ ಲೆಕ್ಕ ಹಾಕಿದ್ದಾರೆ. ಆ ದಿನಗಳು ಕಲಿಸಿದ ಪಾಠವನ್ನೂ ಲೆಕ್ಕದಲ್ಲಿಟ್ಟುಕೊಳ್ಳಬೇಕು: ಕಿಟಕಿ ತೆರೆದ ಕೋಣೆ, ಸೋಪಿನಿಂದ ತೊಳೆದ ಕೈ, ಕೆಮ್ಮುವವರ ಮುಖಕ್ಕೆ ಬಟ್ಟೆ. ಸ್ಥಾನಕವಾಸಿ ಸಾಧು-ಸಾಧ್ವಿಯರು ಮುಹಪತ್ತಿ ಕಟ್ಟುವುದು ಗಾಳಿಯಲ್ಲಿನ ಜೀವಿಗಳ ರಕ್ಷಣೆಗೆ. ವೈದ್ಯರು ಮಾಸ್ಕ್ ಹೇಳಿದ್ದು ನಮ್ಮ ಮತ್ತು ನೆರೆಯವರ ರಕ್ಷಣೆಗೆ. ಉದ್ದೇಶ ಬೇರೆಯಾದರೂ, ತನ್ನ ಉಸಿರಿನಿಂದ ಇನ್ನೊಬ್ಬರಿಗೆ ಬಾಧೆಯಾಗಬಾರದೆಂಬ ವಿಚಾರ ನಮ್ಮ ಮನೆಗಳಿಗೆ ಹೊಸದಲ್ಲ.

ಗುಳಿಗೆಯ ಅವಸರ

ನೆಗಡಿ, ಸಾಮಾನ್ಯ ಗಂಟಲುನೋವು, ಫ್ಲೂ ಇವು ಬಹುತೇಕ ವೈರಸ್ಸಿನಿಂದ ಬರುವಂಥವು. ಆಂಟಿಬಯೋಟಿಕ್ ಗುಳಿಗೆಗೆ ವೈರಸ್ಸನ್ನು ಕೊಲ್ಲುವ ಶಕ್ತಿ ಇಲ್ಲ. ನೆಗಡಿ ತಾನಾಗಿ ಏಳರಿಂದ ಹತ್ತು ದಿನಗಳಲ್ಲಿ ಇಳಿಯುತ್ತದೆ, ಕೆಮ್ಮು ಇನ್ನೂ ಕೆಲವು ದಿನ ಉಳಿಯಬಹುದು. ಸಿಂಬಳ ಹಳದಿ-ಹಸಿರಾಯಿತೆಂಬ ಒಂದೇ ಕಾರಣಕ್ಕೆ ಆಂಟಿಬಯೋಟಿಕ್ ಬೇಕೆಂದೇನಿಲ್ಲ. ಹೋರಾಡಿದ ಬಿಳಿಕೋಶಗಳ ಬಣ್ಣವದು. ಐದನೆಯ ದಿನ ಗುಳಿಗೆ ನುಂಗಿ ಏಳನೆಯ ದಿನ ನೆಗಡಿ ಇಳಿದರೆ ಕೀರ್ತಿ ಗುಳಿಗೆಗೆ ಹೋಗುತ್ತದೆ, ದುಡಿದದ್ದು ಶರೀರ.

ಫ್ಲೆಮಿಂಗರೇ 1945ರ ಡಿಸೆಂಬರಿನಲ್ಲಿ ನೊಬೆಲ್ ಸ್ವೀಕರಿಸಿ ಮಾಡಿದ ಉಪನ್ಯಾಸದಲ್ಲಿ ಒಂದು ಕಲ್ಪಿತ ಪ್ರಸಂಗ ಹೇಳಿದ್ದರು. ಗಂಟಲುನೋವು ಬಂದ ಒಬ್ಬ ಗೃಹಸ್ಥನು ವೈದ್ಯರನ್ನು ಕೇಳದೆ ತಾನೇ ಪೆನಿಸಿಲಿನ್ ಕೊಂಡು ಅರೆಬರೆ ಸೇವಿಸುತ್ತಾನೆ. ರೋಗಾಣುಗಳು ಸಾಯುವುದಿಲ್ಲ, ಔಷಧಕ್ಕೆ ಪಳಗುತ್ತವೆ. ಆ ಪಳಗಿದ ರೋಗಾಣುಗಳು ಅವನ ಹೆಂಡತಿಗೆ ತಗಲಿ ನ್ಯುಮೋನಿಯಾ ಆಗುತ್ತದೆ. ಈಗ ಪೆನಿಸಿಲಿನ್ ನಾಟುವುದಿಲ್ಲ, ಆಕೆ ಸಾಯುತ್ತಾಳೆ. ಔಷಧ ಕಂಡುಹಿಡಿದವನೇ ಹೀಗೆ ಎಚ್ಚರಿಸಿ ಎಷ್ಟೋ ವರ್ಷಗಳಾದವು. ಇಂದಿಗೂ ‘ಕಳೆದ ಸಲ ತಂದದ್ದೇ ಕೊಡಿ’ ಎಂದು ಚೀಟಿಯಿಲ್ಲದೆ ಕೇಳುವವರಿದ್ದಾರೆ, ಎಣಿಸಿ ಕೊಡುವವರೂ ಇದ್ದಾರೆ. 2014ರ ಮಾರ್ಚ್ 1ರಿಂದ ಜಾರಿಗೆ ಬಂದ ಎಚ್-1 ಪರಿಶಿಷ್ಟದ ಪ್ರಕಾರ ಹಲವು ಆಂಟಿಬಯೋಟಿಕ್‌ಗಳನ್ನು ವೈದ್ಯರ ಚೀಟಿಯ ಮೇಲೆಯೇ ಮಾರಿ, ಕೊಟ್ಟದ್ದನ್ನು ಬೇರೆ ವಹಿಯಲ್ಲಿ ಬರೆಯಬೇಕು. ಔಷಧದ ಅಂಗಡಿ ನಡೆಸುವ ನಮ್ಮ ಬಾಂಧವರು ಇದನ್ನು ಬರೀ ಕಾಯ್ದೆಯ ತಲೆನೋವೆಂದು ತಿಳಿಯಬಾರದು. ಗಿರಾಕಿಯನ್ನು ಬರಿಗೈಯಲ್ಲಿ ಕಳಿಸುವುದೂ ಕೆಲವೊಮ್ಮೆ ಧರ್ಮವೇ. ವೈದ್ಯರೇ ಬರೆದುಕೊಟ್ಟರೆ ಅವರು ಹೇಳಿದಷ್ಟು ದಿನ ತಪ್ಪದೆ ತೆಗೆದುಕೊಳ್ಳಬೇಕು. ಉಳಿದ ಗುಳಿಗೆಯನ್ನು ನೆರೆಮನೆಗೆ ದಾನ ಮಾಡುವುದು ಪುಣ್ಯದ ಕೆಲಸವಲ್ಲ.

ಮನೆಯ ಮದ್ದು, ವ್ರತದ ಮಿತಿ

ಹಾಗಾದರೆ ಮನೆಯಲ್ಲಿ ಮಾಡಬೇಕಾದ್ದೇನು? ವಿಶ್ರಾಂತಿ, ಮೇಲಿಂದ ಮೇಲೆ ಬಿಸಿನೀರು, ಹಗುರಾದ ಊಟ. ನೀರು ಸಾಕಷ್ಟಿದ್ದರೆ ಕಫ ತೆಳುವಾಗಿ ಸುಲಭವಾಗಿ ಹೊರಬರುತ್ತದೆ. ಕೆಮ್ಮಿಗೆ ಜೇನುತುಪ್ಪ ಹಿತವೆಂದು ಎಲ್ಲೆಡೆ ಹೇಳುತ್ತಾರೆ. ನಮ್ಮ ಮನೆಗಳಲ್ಲಿ ಜೇನು ವರ್ಜ್ಯ. ಅದಿಲ್ಲದೆ ನೆಗಡಿ ವಾಸಿಯಾಗದೆಂಬ ಭಯ ಬೇಡ. ಒಣಶುಂಠಿ, ಮೆಣಸು, ಬೆಲ್ಲದ ಬಿಸಿ ಕಷಾಯವೂ ಉಪ್ಪುನೀರಿನ ಬಾಯಿ ಮುಕ್ಕಳಿಕೆಯೂ ಗಂಟಲಿಗೆ ಹಿತ ಕೊಡುತ್ತವೆ. ಸಕ್ಕರೆ ಕಾಯಿಲೆಯವರು ಬೆಲ್ಲ ಬಿಡಬೇಕು. ಮಕ್ಕಳಿಗೆ ಕುದಿಯುವ ನೀರಿನ ಹಬೆ ಹಿಡಿಸುವುದು ಬೇಡ, ಪಾತ್ರೆ ಮಗುಚಿ ಮೈ ಸುಟ್ಟುಕೊಳ್ಳುವ ಅಪಾಯವೇ ಹೆಚ್ಚು. ಈ ಮದ್ದುಗಳು ಹಿತ ಕೊಡುತ್ತವೆ, ನ್ಯುಮೋನಿಯಾ ವಾಸಿ ಮಾಡುವುದಿಲ್ಲ ಎಂಬುದು ನೆನಪಿರಲಿ.

ಒಂದು ಮಾತು ಹಿರಿಯರಿಗೆ. ದಶಲಕ್ಷಣ ಪರ್ವವು ಭಾದ್ರಪದದಲ್ಲಿ, ಮಳೆಯ ದಿನಗಳಲ್ಲಿ ಬರುತ್ತದೆ. ಜ್ವರ-ಕೆಮ್ಮು ಇದ್ದಾಗಲೂ ನೀರು ಸಹ ಬಿಟ್ಟು ಉಪವಾಸ ಹಿಡಿಯುವವರನ್ನು, ಸೂರ್ಯಾಸ್ತದ ನಂತರ ಔಷಧವನ್ನೂ ಒಲ್ಲೆನ್ನುವವರನ್ನು ನಾವು ಬಲ್ಲೆವು. ಅವರ ಶ್ರದ್ಧೆಗೆ ಕೈ ಮುಗಿಯುತ್ತೇವೆ. ಆದರೆ ಷೋಡಶಕಾರಣ ಭಾವನೆಗಳಲ್ಲಿ ‘ಶಕ್ತಿತಸ್ತಪ’ ಎಂದಿದೆ. ಶಕ್ತಿಗೆ ತಕ್ಕಂತೆ ತಪ ಎಂದು ಅದರ ಅರ್ಥ. ಮುದುಕರಲ್ಲಿ ನ್ಯುಮೋನಿಯಾ ಕೆಲವೊಮ್ಮೆ ಜ್ವರವನ್ನೇ ತೋರಿಸದೆ ಬರೀ ನಿತ್ರಾಣ, ಮಾತಿನ ಗೊಂದಲವಾಗಿ ಬರುತ್ತದೆ. ಅಂಥ ಸಮಯದಲ್ಲಿ ಮನೆಯವರು ವೈದ್ಯರನ್ನೂ ಕೇಳಿ, ತ್ಯಾಗಿಗಳ ಮಾರ್ಗದರ್ಶನವನ್ನೂ ಪಡೆಯಬೇಕು. ಔಷಧದ ಹೊತ್ತನ್ನು ಹಗಲಿಗೆ ಹೊಂದಿಸಬಹುದೇ ಎಂದು ವೈದ್ಯರನ್ನು ಮೊದಲೇ ಕೇಳಿದರೆ ಎಷ್ಟೋ ಸಲ ದಾರಿ ಸಿಗುತ್ತದೆ.

ಯಾವಾಗ ದವಾಖಾನೆಗೆ?

ಮಕ್ಕಳ ತಾಯಂದಿರು ಒಂದು ಲೆಕ್ಕವನ್ನು ಬಾಯಿಪಾಠ ಮಾಡಿಕೊಳ್ಳಬೇಕು. ಮಗು ಅಳದೆ ಶಾಂತವಾಗಿದ್ದಾಗ ಪೂರ್ತಿ ಒಂದು ನಿಮಿಷ ಎದೆ-ಹೊಟ್ಟೆ ಏರಿಳಿಯುವುದನ್ನು ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60, ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷದವರೆಗೆ 40 ಅಥವಾ ಅದಕ್ಕಿಂತ ಹೆಚ್ಚಾದರೆ ಅದು ನ್ಯುಮೋನಿಯಾದ ಸೂಚನೆ. ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬೀಳುವುದು, ಹಾಲು ಕುಡಿಯದಿರುವುದು, ತುಟಿ ನೀಲಿಯಾಗುವುದು ಕಂಡರೆ ಒಂದು ಗಳಿಗೆಯನ್ನೂ ಕಳೆಯಬಾರದು. ನ್ಯುಮೋನಿಯಾ ತಡೆಯುವ ನ್ಯುಮೋಕಾಕಲ್ ಲಸಿಕೆ 2017ರಲ್ಲಿ ಸರಕಾರಿ ಲಸಿಕೆಗಳ ಪಟ್ಟಿಗೆ ಸೇರಿ 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ಆರನೆಯ ವಾರ, ಹದಿನಾಲ್ಕನೆಯ ವಾರ, ಒಂಬತ್ತನೆಯ ತಿಂಗಳು ಹೀಗೆ ಮೂರು ಸಲ ಪುಕ್ಕಟೆಯಾಗಿ ಹಾಕುತ್ತಾರೆ. ನಾಯಿಕೆಮ್ಮು, ಗಂಟಲಮಾರಿಗಳನ್ನು ತಡೆಯುವ ಪೆಂಟಾವೇಲೆಂಟ್ ಲಸಿಕೆಯೂ ಅಲ್ಲೇ ಸಿಗುತ್ತದೆ.

ದೊಡ್ಡವರಲ್ಲಿ ಏದುಸಿರು, ಎದೆನೋವು, ಕಫದಲ್ಲಿ ರಕ್ತ, ಮೂರು ದಿನ ದಾಟಿದ ಜೋರು ಜ್ವರ ಇವು ಅಪಾಯದ ಗುರುತುಗಳು. ಕೊರೋನಾ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಮನೆಯಲ್ಲಿದ್ದರೆ, 94ಕ್ಕಿಂತ ಕೆಳಗಿಳಿದ ಅಂಕಿಯೂ ಹಾಗೆಯೇ. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಲೇಬೇಕು. ಮನೆಯಲ್ಲಿ ಕ್ಷಯವಿದೆ ಎಂದು ತಿಳಿದರೆ ಮಗಳ ಸಂಬಂಧ ತಪ್ಪೀತೆಂದು ಮುಚ್ಚಿಡುವ ಚಾಳಿ ನಮ್ಮಲ್ಲಿ ಇನ್ನೂ ಸತ್ತಿಲ್ಲ. ಸಾಮಾನ್ಯ ಕ್ಷಯವು ಆರು ತಿಂಗಳ ಔಷಧದಿಂದ ವಾಸಿಯಾಗುತ್ತದೆ. ಪರೀಕ್ಷೆ, ಔಷಧ ಎರಡೂ ಸರಕಾರಿ ದವಾಖಾನೆಯಲ್ಲಿ ಉಚಿತ. ಮುಚ್ಚಿಟ್ಟ ಕ್ಷಯ ಮಾತ್ರ ಮನೆಮಂದಿಗೆಲ್ಲ ಹರಡುತ್ತದೆ. ಕೊಲ್ಹಾಪುರದ ಸಿ.ಪಿ.ಆರ್., ಇಚಲಕರಂಜಿಯ ಇಂದಿರಾ ಗಾಂಧಿ ಸ್ಮಾರಕ, ಗಡಹಿಂಗ್ಲಜದ ಉಪಜಿಲ್ಲಾ ಆಸ್ಪತ್ರೆ ಇವು ಬಡವರಿಗಷ್ಟೇ ಎಂಬ ಭಾವನೆ ಬೇಡ.

ಅಂಗಡಿಯವರ ಹೊಣೆ

ಇಷ್ಟು ಹೊತ್ತು ಮನೆಯ ಮಾತಾಯಿತು. ಕೊನೆಯದಾಗಿ ಅಂಗಡಿಯ ಮಾತು. ಮೆಣಸಿನಕಾಯಿಯ ಲಾಭ ಬರುವುದು ಗಾದಿಗೆ, ಧೂಳು ಹೋಗುವುದು ಹಮಾಲನ ಎದೆಗೆ. ಬಟ್ಟೆಯ ಥಾನು ಬರುವುದು ಅಂಗಡಿಗೆ, ಎಳೆ ಹೋಗುವುದು ಮಗ್ಗದವನ ಎದೆಗೆ. ಧಾನ್ಯದಲ್ಲಿ ಹುಳು ಕಂಡರೆ ಅದಕ್ಕೆ ನೋವಾಗದಂತೆ ನೆರಳಿಗೆ ಬಿಡುವ ಸಂಸ್ಕಾರ ನಮ್ಮದು. ಪಕ್ಕದಲ್ಲೇ ಚೀಲ ಹೊತ್ತು ಕೆಮ್ಮುವ ಮನುಷ್ಯನೂ ಪಂಚೇಂದ್ರಿಯ ಜೀವಿಯೇ ಅಲ್ಲವೇ?

ಮಾಡಬೇಕಾದ್ದು ದೊಡ್ಡ ಖರ್ಚಿನ ಕೆಲಸವೇನಲ್ಲ. ಗೋದಾಮಿಗೆ ಧೂಳನ್ನು ಹೊರಗೆಳೆಯುವ ಫ್ಯಾನ್ ಹಾಕಿಸುವುದು. ಒಣ ಕಸಬರಿಗೆಯಿಂದ ಧೂಳೆಬ್ಬಿಸುವ ಬದಲು ನೆಲಕ್ಕೆ ನೀರು ಚಿಮುಕಿಸಿ ಗುಡಿಸುವುದು. ನೀರು ಹೊಡೆಯಬೇಕಾದ್ದು ನೆಲಕ್ಕೆ, ಮಾಲಿಗಲ್ಲ ಎಂಬುದನ್ನು ಮೆಣಸಿನಕಾಯಿ ವ್ಯಾಪಾರಸ್ಥರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಗ್ಗಕ್ಕೆ ಗಾಳಿ ಊದಿ ಸ್ವಚ್ಛ ಮಾಡುವಾಗ ಬೇರೆಯವರನ್ನು ಶೆಡ್ಡಿನಿಂದ ಹೊರಗೆ ಕಳಿಸುವುದು. ಮುಖಕ್ಕೆ ಸುತ್ತಿದ ಟವೆಲ್ ನವಿರು ಧೂಳನ್ನು ತಡೆಯುವುದಿಲ್ಲ. ಎನ್-95 ಮಾಸ್ಕ್ ತಡೆಯುತ್ತದೆ. ಅದನ್ನು ಮಾಲಕರೇ ಕೊಡಿಸಬೇಕು, ಹೊಲಸಾದಾಗ ಬದಲಿಸಿಕೊಡಬೇಕು. ಎರಡು ವಾರ ಕೆಮ್ಮಿದವನನ್ನು ಪಗಾರ ಹಿಡಿಯದೆ ದವಾಖಾನೆಗೆ ಕಳಿಸಬೇಕು. ಪಗಾರ ಹಿಡಿದರೆ ಅವನು ಕೆಮ್ಮನ್ನು ಮುಚ್ಚಿಡುತ್ತಾನೆ, ಅದು ಅವನ ಮನೆಗೂ ನಮ್ಮ ಅಂಗಡಿಗೂ ಹರಡುತ್ತದೆ.

ದೀಪಾವಳಿಯಲ್ಲಿ ವೀರನಿರ್ವಾಣದ ಪೂಜೆ ಮುಗಿಸಿ ಹೊಸ ವಹಿ ತೆರೆಯುವಾಗ ಎಷ್ಟೋ ಖರ್ಚಿನ ಖಾತೆಗಳನ್ನು ಬರೆಯುತ್ತೇವೆ. ಮಾಸ್ಕು, ಫ್ಯಾನು, ಆಳುಗಳ ದವಾಖಾನೆ ಇವುಗಳಿಗೂ ಒಂದು ಪುಟ ಇರಲಿ. ಉಸಿರಿನ ದಾರಿಯನ್ನು ಕಾಯುವ ಬಹುಪಾಲು ಕೆಲಸವನ್ನು ಶರೀರ ತಾನೇ ಮಾಡುತ್ತದೆ, ಸಂಬಳ ಕೇಳದೆ ಮಾಡುತ್ತದೆ. ಅದರ ಕಾವಲುಗಾರರನ್ನು ಧೂಳು-ಹೊಗೆಯಲ್ಲಿ ದಣಿಸದಿರುವುದು, ಅವರು ಸೋತಾಗ ಹೊತ್ತು ಮೀರದಂತೆ ವೈದ್ಯರ ಬಳಿ ಹೋಗುವುದು ನಮ್ಮ ಪಾಲಿನ ಕೆಲಸ. ಮನೆಯವರ ವಿಷಯದಲ್ಲಿ ಇದನ್ನು ಯಾರೂ ಅಲ್ಲಗಳೆಯುವುದಿಲ್ಲ. ಅಂಗಡಿಯ ಆಳಿನ ವಿಷಯದಲ್ಲೂ ಹಾಗೆಯೇ ಆಗಬೇಕೆಂಬುದು ನಮ್ಮ ವಿನಂತಿ.